ಸೆನ್ಸರ್ ಬದಲಿಸೋ ಮುಂಚೆ ಒಂದು ಬೆಳಗ್ಗೆ ಕಾಯಿರಿ

2023ರ ಆಗಸ್ಟ್ 29ರಿಂದ ಇಡೀ ಹೌನ್ಸ್ಲೋ ಯುಲೆಜ್ ವಲಯದಲ್ಲಿದೆ. ಹಳೇ ಮಾನದಂಡದ ಕಾರಿಗೆ ದಿನಕ್ಕೆ 12.50 ಪೌಂಡ್ ಸುಂಕ. ಕ್ಯಾಮೆರಾ ಓದೋದು ಮಾತ್ರ ನಂಬರ್ ಪ್ಲೇಟನ್ನ. ಕೂಲಂಟ್ ತಾಪಮಾನದ ಸೆನ್ಸರ್ ಕೆಟ್ಟು, ಬಿಸಿ ಎಂಜಿನ್ನನ್ನೇ ತಣ್ಣಗಿದೆ ಅಂತ ಹೇಳಿದರೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತೆ. ಆ ಹೊಗೆ ಯಾವ ಕ್ಯಾಮೆರಾಗೂ ಕಾಣಲ್ಲ.

ಹಾಗಂತ ದೀಪ ಹತ್ತಿದ ಕೂಡಲೇ ಸೆನ್ಸರ್ ಬದಲಿಸೋದು ತಪ್ಪು ಅಂತ ನನ್ನ ವಾದ. ಲ್ಯಾಬಲ್ಲಿ ವಿಚಿತ್ರ ಅಳತೆ ಬಂದರೆ ನಾವು ಮೊದಲು ಗೊತ್ತಿರೋದರ ಜೊತೆ ಹೋಲಿಸ್ತೀವಿ. ಇಲ್ಲೂ ಅಷ್ಟೇ. ರಾತ್ರಿಯಿಡೀ ನಿಂತ ಕಾರಿಗೆ ಬೆಳಗ್ಗೆ ಒಬಿಡಿ ಸ್ಕ್ಯಾನರ್ ಹಾಕಿ. ಕೂಲಂಟ್, ಹೊರಗಿನ ಗಾಳಿ ಎರಡರ ತಾಪವೂ ಹೆಚ್ಚುಕಮ್ಮಿ ಒಂದೇ ಇರಬೇಕು. ಮೈನಸ್ 40 ತೋರಿಸಿದರೆ? ಹೌನ್ಸ್ಲೋದಲ್ಲಿ ಅಷ್ಟು ಚಳಿಯಿಲ್ಲ. ಸರ್ಕ್ಯೂಟ್ ಎಲ್ಲೋ ಕಡಿದಿದೆ. ಸೆನ್ಸರ್ ಸಾಮಾನ್ಯವಾಗಿ ಥರ್ಮೋಸ್ಟ್ಯಾಟ್ ಪಕ್ಕ ಇರುತ್ತೆ. ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ, ತುಕ್ಕು ಮತ್ತು ವೈರ್ ನೋಡಿ. ಆಮೇಲೆ ಮಲ್ಟಿಮೀಟರ್: ಹಲವು ಸೆನ್ಸರ್‌ಗಳಲ್ಲಿ 20 ಡಿಗ್ರಿಗೆ 2ರಿಂದ 3 ಕಿಲೋಓಮ್, 80ಕ್ಕೆ ಸುಮಾರು 300 ಓಮ್ ಬರುತ್ತೆ. ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ.

ಬಿಸಿ ಎಂಜಿನ್ನಿನ ಕೂಲಂಟ್ ಮುಚ್ಚಳ ಮಾತ್ರ ತೆಗೀಬೇಡಿ. ಗ್ಯಾರೇಜಿಗೇ ಹೋದ್ರೂ ಸರಿ, “ಅಳೆದು ನೋಡಿದ್ರಾ?” ಅಂತ ಒಮ್ಮೆ ಕೇಳಿ.