ಕೆಮ್ಮಿಗೆ ಹೆಸರಿಡಲು ಅಂಜಿಕೆ ಏಕೆ?

ಕಳೆದ ಶ್ರಾವಣದಲ್ಲಿ ಖಾನಾಪುರದ ಆಪ್ತರೊಬ್ಬರ ಮನೆಯಲ್ಲಿ ಒಂದು ರಾತ್ರಿ ತಂಗಿದ್ದೆವು. ಘಟ್ಟದ ಅಂಚಿನ ಆ ಊರಿನಲ್ಲಿ ಮಳೆ ಹಿಡಿದರೆ ಬೇಗನೆ ಬಿಡುವ ಮಾತಿಲ್ಲ. ನಡುರಾತ್ರಿ ಮೀರಿದ ಮೇಲೆ ಒಳಕೋಣೆಯಲ್ಲಿ ಮಗುವಿನ ಕೆಮ್ಮು ಆರಂಭವಾಯಿತು. ನಾಲ್ಕು ವರ್ಷದ ಹೆಣ್ಣುಮಗು. ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡು, ತಾಯಿಯ ಹೆಗಲಿಗೊರಗಿಯೇ ಬೆಳಗು ಮಾಡಿತು. ಮೂರು ತಿಂಗಳಿಂದ ಹೀಗೆಯೇ ಎಂದು ತಿಳಿದು, ವೈದ್ಯರು ಏನೆಂದರೆಂದು ವಿಚಾರಿಸಿದೆವು. ತಾಯಿ ಅತ್ತೆಯವರ ಮುಖ ನೋಡಿದರು.

“ನಮ್ಮ ಮನೆತನದಾಗ ಯಾರಿಗೂ ದಮ್ಮು ಇಲ್ಲರೀ. ಹೆಣ್ಣಹುಡುಗಿ, ನಾಳೆ ಕೊಡೂದು ತಗೊಳ್ಳೂದು ಬರತೈತಿ. ಅದಕ್ಕ ಆ ಪಂಪ್ ಮುಟ್ಟಿಸಿಲ್ಲ” ಎಂದರು ಅಜ್ಜಿ. ಬೆಳಗಾವಿಯ ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಪೊಟ್ಟಣ ಒಡೆಯದೆ ಕಪಾಟಿನಲ್ಲಿತ್ತು.

ಎಲ್ಲ ಕೆಮ್ಮೂ ದಮ್ಮಲ್ಲ, ನಿಜ. ನೆಗಡಿಯ ಕೆಮ್ಮು ಎರಡು ಮೂರು ವಾರ ಎಳೆಯುವುದುಂಟು. ಆದರೆ ರಾತ್ರಿ, ಬೆಳಗಿನ ಜಾವದಲ್ಲಿ ಹೆಚ್ಚುವ, ಓಡಿದಾಗ, ನಕ್ಕಾಗ, ಅತ್ತಾಗ ಏಳುವ ಕೆಮ್ಮು, ಎದೆಯಲ್ಲಿ ಸುಂಯ್ ಎಂಬ ಸಿಳ್ಳಿನ ಸದ್ದು ಮರುಕಳಿಸುತ್ತಿದ್ದರೆ ದಮ್ಮಿನ ಸಂದೇಹ ಬಲವಾಗುತ್ತದೆ. ಮನೆತನದಲ್ಲಿ ಯಾರಿಗೂ ಇಲ್ಲದೆಯೂ ಅದು ಬರಬಹುದು. ಐದು ವರ್ಷದೊಳಗಿನ ಮಗು ಉಸಿರಿನ ಪರೀಕ್ಷಾ ಯಂತ್ರಕ್ಕೆ ಸರಿಯಾಗಿ ಊದಲಾರದು. ಆದ್ದರಿಂದ ವೈದ್ಯರು ತಾಯಿಯ ಮಾತನ್ನೇ ಆಧರಿಸಿ, ಕೆಲವು ವಾರ ಔಷಧ ಕೊಟ್ಟು, ಗುಣ ನೋಡಿ ನಿರ್ಧರಿಸುತ್ತಾರೆ. ‘ಇರಬಹುದು’ ಎಂದ ಮಾತ್ರಕ್ಕೆ ಅವರಿಗೆ ತಿಳಿಯದೆಂದು ಭಾವಿಸಬಾರದು. ಕೆಮ್ಮು ಯಾವಾಗ, ಎಷ್ಟು ಹೊತ್ತು ಬಂದಿತೆಂದು ತಾಯಂದಿರು ಒಂದು ವಹಿಯಲ್ಲಿ ಬರೆದಿಟ್ಟರೆ ಅದೇ ದೊಡ್ಡ ಪರೀಕ್ಷೆ.

ಎರಡು ವಾರ ಮೀರಿದ ಕೆಮ್ಮಿನೊಡನೆ ಜ್ವರವಿದ್ದರೆ, ತೂಕ ಇಳಿದರೆ, ಮನೆಯಲ್ಲಿ ಕ್ಷಯರೋಗಿಗಳಿದ್ದರೆ ಕ್ಷಯದ ತಪಾಸಣೆ ಆಗಲೇಬೇಕು. ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಶೇಂಗಾ ತಿನ್ನುತ್ತ ಆಡುತ್ತಿದ್ದ ಮಗುವಿಗೆ ಒಮ್ಮೆಲೆ ಕೆಮ್ಮು ಹತ್ತಿದರೆ ಕಾಳು ಶ್ವಾಸನಾಳ ಸೇರಿರಬಹುದು, ಅದೇ ದಿನ ತೋರಿಸಬೇಕು.

ಇನ್ನು ಪಂಪಿನ ಮಾತು. ಅದರಿಂದ ಚಟ ಹತ್ತುತ್ತದೆಂಬುದು ಸುಳ್ಳು. ಗುಳಿಗೆಯ ಔಷಧ ಮಿಲಿಗ್ರಾಂ ಲೆಕ್ಕದಲ್ಲಿ ಮೈಯೆಲ್ಲ ಸುತ್ತಿದರೆ, ಇದು ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಳೆಯ ಮಕ್ಕಳಿಗೆ ಸ್ಪೇಸರ್ ಎಂಬ ಕೊಳವೆ ಹಾಗೂ ಮಾಸ್ಕ್ ಅವಶ್ಯ. ಉಬ್ಬಸ ಎದ್ದಾಗ ಕೊಡುವುದು ಒಂದು ಔಷಧ, ಏಳದಂತೆ ದಿನವೂ ಕೊಡುವುದು ಇನ್ನೊಂದು. ಈ ಎರಡನೆಯದನ್ನು ಕೆಮ್ಮು ನಿಂತ ಮರುದಿನವೇ ಬಿಟ್ಟುಬಿಡುವುದು ನಮ್ಮವರ ವಾಡಿಕೆ. ಮತ್ತೆ ಅದೇ ರಾತ್ರಿಗಳು ಮರಳುತ್ತವೆ.

ಅಂಗಡಿಯ ಕೆಮ್ಮಿನ ಸಿರಪ್ಪಿನ ಮೇಲೆ ನಮಗೆ ಭರವಸೆ ಇಲ್ಲ. ಎರಡು ವರ್ಷದೊಳಗಿನವರಿಗೆ ಅದನ್ನು ಕೊಡಲೇಬಾರದು, ಐದರೊಳಗೆ ಸಾಮಾನ್ಯವಾಗಿ ಬೇಡವೆಂದು ಕೇಂದ್ರ ಆರೋಗ್ಯ ಸಚಿವಾಲಯವೇ 2025ರ ಅಕ್ಟೋಬರ್‌ನಲ್ಲಿ ತಿಳಿಸಿದೆ. ವರ್ಷ ತುಂಬಿದ ಮಗುವಿಗೆ ಅಜ್ಜಿಯ ಜೇನು ಸಲ್ಲುತ್ತದೆ, ತುಂಬದಿದ್ದರೆ ಅದೂ ಬೇಡ. ಬರೆ ಹಾಕಿಸುವುದಂತೂ ಕ್ರೌರ್ಯ.

ಆ ಮನೆಯಲ್ಲಿ ಹಸಿ ಕಟ್ಟಿಗೆಯ ಒಲೆ ಉರಿಯುತ್ತಿತ್ತು. ಮಗು ಹೊದ್ದಿದ್ದ ಕೌದಿ ಜೂನ್‌ನಿಂದ ಬಿಸಿಲು ಕಂಡಿರಲಿಲ್ಲ. ಅಂಥ ತಂಪಿನಲ್ಲಿ ಕಣ್ಣಿಗೆ ಕಾಣದ ಧೂಳುಹುಳುಗಳೂ ಬೂಷ್ಟೂ ಬೆಳೆಯುತ್ತವೆ. ಬೆಳಗಾವಿಯವರು ನಕ್ಕು ಸುಮ್ಮನಾಗಬೇಕಿಲ್ಲ. ನಗರದಲ್ಲಿ ರಸ್ತೆಯ ಧೂಳು, ವಾಹನದ ಹೊಗೆ ಇವೆ. ಬೆಂಗಳೂರಿನ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಅಭ್ಯಸಿಸಿದಾಗ 1979ರಲ್ಲಿ ಶೇ. 9ರಷ್ಟಿದ್ದ ದಮ್ಮು 1999ಕ್ಕೆ ಶೇ. 29.5 ಆಗಿತ್ತು. ಲೋಬಾನ, ಊದಿನಕಡ್ಡಿಯ ಹೊಗೆಯೂ ಇಂಥ ಮಗುವಿಗೆ ಆಗಿಬರುವುದಿಲ್ಲ. ವಿಭೂತಿ, ಪತ್ರಿ, ಹೂವಿನ ಪೂಜೆಗೆ ಏನು ಕೊರತೆ?

ಉಸಿರೆಳೆದಾಗ ಪಕ್ಕೆ ಒಳಸೇದುತ್ತಿದ್ದರೆ, ಒಂದರಿಂದ ಐದು ವರ್ಷದ ಮಗು ಸುಮ್ಮನಿದ್ದಾಗಲೂ ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ತುಟಿ ನೀಲಿಯಾದರೆ, ನೀರೂ ಕುಡಿಯದಿದ್ದರೆ ಬೆಳಗಿನ ಬಸ್ಸಿಗೆ ಕಾಯಬಾರದು. 108ಕ್ಕೆ ಕರೆ ಮಾಡಿ ಖಾನಾಪುರದ ತಾಲೂಕಾ ಆಸ್ಪತ್ರೆಗೇ ಮೊದಲು ಒಯ್ಯಬೇಕು. ಸುಮಾರು 26 ಕಿ.ಮೀ. ದೂರದ ಬೆಳಗಾವಿ ಆಮೇಲೆ.

ದಸರೆಯ ಹೊತ್ತಿಗೆ ಆ ತಾಯಿ ಫೋನು ಮಾಡಿದ್ದರು. ಮಗು ಈಗ ರಾತ್ರಿಯಿಡೀ ಮಲಗುತ್ತದಂತೆ. ಮಾಸ್ಕ್ ಹಿಡಿದು ಉಸಿರು ಎಣಿಸುವವರು ಅಜ್ಜಿಯೇ. ನೆರೆಮನೆಯವರು ಬಂದರೆ ಮಾತ್ರ ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರಂತೆ.