ಮುಖವಾಡ ಕಳಚಬೇಡ್ರೀ...

ಮೊನ್ನೆ ಯುಗಾದಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಅಫಜಲಪುರ ತಾಲೂಕಿನ ಸೊನ್ನ. ಭೀಮಾ ನದಿಗೆ ಕಟ್ಟಿದ ಬ್ಯಾರೇಜಿನಿಂದ ನೀವು ಹೆಸರು ಕೇಳಿರಬಹುದು. ಕಟ್ಟೆ ಮೇಲೆ ಚಾ ಕುಡೀತಾ ಕೂತಿದ್ದಾಗ ಅಕ್ಕನ ಮಗ ಬಂದ. ಮುಖ ಸಪ್ಪಗಿತ್ತು.

"ಮಾಮಾ, ಮುಂದಿನ ಜಾತ್ರಿಗಿ ನಾ ನಾಟಕದಾಗ ಪಾರ್ಟು ಮಾಡಂಗಿಲ್ಲ."

"ಯಾಕೋ?"

"ಮಂದಿ ನನಗ ಕುಡುಕ ಅಂತೇ ಕರೀಲತ್ತಾರ."

ಹೋದ ಜಾತ್ರೆಯಲ್ಲಿ ಹುಡುಗರು ಆಡಿದ ಸಾಮಾಜಿಕ ನಾಟಕದಲ್ಲಿ ಅವನದು ಹೆಂಡತಿಗೆ ಹೊಡೆಯೋ ಕುಡುಕನ ಪಾರ್ಟು. ದಿನಾ ಹಾಕೋ ಪ್ಯಾಂಟು-ಶರ್ಟು, ದಿನಾ ಇರೋ ಮುಖ. ಯಾರೋ ಮೊಬೈಲಿನಲ್ಲಿ ಹಿಡಿದ ಅರ್ಧ ನಿಮಿಷದ ತುಣುಕು ವಾಟ್ಸಾಪಿನಲ್ಲಿ ಓಡಾಡಿ ಅವನಿಗೆ ನೋಡಿದ್ದ ಹುಡುಗಿಯ ಕಡೆಯವರಿಗೂ ತಲುಪಿದೆ. "ಹುಡುಗ ಕುಡಿತಾನೇನ್ರೀ?" ಅಂತ ಫೋನ್ ಬಂತಂತೆ. ನಾನು ಆಗ ನಕ್ಕುಬಿಟ್ಟೆ. ಆದರೆ ರಾತ್ರಿ ಅದೇ ಕೊರೀತಾ ಇತ್ತು.

ಯಾಕಂದ್ರೆ ನಮ್ಮ ಕಾಕಾ ದೊಡ್ಡಾಟದಲ್ಲಿ ಕೀಚಕನ ಪಾತ್ರ ಮಾಡ್ತಿದ್ದರು. ಹಗಲೆಲ್ಲ ತೊಗರಿ ಹೊಲದಲ್ಲಿ ದುಡಿಮೆ, ರಾತ್ರಿ ಮುಖಕ್ಕೆ ಅರದಾಳ, ಮರದ ಕಿರೀಟ, ಭುಜಕೀರ್ತಿ. ಸಾರಥಿ ಬಂದು "ತಾವು ದಾರು?" ಅಂತ ಕೇಳಿದಾಗ ತಾನೇ ಕೀಚಕ ಅಂತ ಗುಡುಗುತ್ತಿದ್ದರು. ಚಿಕ್ಕವರಾದ ನಾವು ಹೆದರಿ ಅವ್ವನ ಸೆರಗು ಹಿಡೀತಿದ್ದೆವು. ಬೆಳಗ್ಗೆ ಬಾವಿ ಹತ್ತಿರ ಬಣ್ಣ ತೊಳೆದರೆ ಮತ್ತೆ ನಮ್ಮ ಕಾಕಾನೇ. ಅವರನ್ನು ಊರಲ್ಲಿ ಒಬ್ಬರೂ "ಕೀಚಕ" ಅನ್ನಲಿಲ್ಲ. ಕೀಚಕನ ಕೆಟ್ಟತನವೆಲ್ಲ ಆ ಬಣ್ಣದ ಜೊತೆ ತೊಳೆದುಹೋಗಿರುತ್ತಿತ್ತು.

ಬರೆಯೋ ನಮಗೆಲ್ಲ ಒಂದು ಚಟ ಇದೆ ನೋಡಿ. ಯಾರನ್ನಾದರೂ ಬೈಯಬೇಕಂದ್ರೆ 'ಮುಖವಾಡ ಕಳಚಿತು' ಅಂತೀವಿ. ಮುಖವಾಡ ಅಂದ್ರೆ ಮೋಸ, ಬರಿ ಮುಖ ಅಂದ್ರೆ ಸತ್ಯ. ನಾನೂ ಹಾಗೆ ಎಷ್ಟೋ ಸಲ ಬರೆದಿದ್ದೇನೆ. ಈಗ ಅನ್ನಿಸ್ತಾ ಇದೆ, ಇದು ಮುಖವಾಡಕ್ಕೆ ನಾವು ಮಾಡಿದ ಅನ್ಯಾಯ.

ಮುಖವಾಡದ ನಾಟಕಕ್ಕೆ ಹೆಸರಾದವರು ಹಳೇ ಗ್ರೀಕರು. ಅವರ ಭಾಷೆಯಲ್ಲಿ ಮುಖಕ್ಕೂ ಮುಖವಾಡಕ್ಕೂ ಒಂದೇ ಶಬ್ದ, ಪ್ರೊಸೋಪಾನ್. ಅಥೆನ್ಸಿನಲ್ಲಿ ಡಯೊನೈಸಸ್ ದೇವರ ಹಬ್ಬದಲ್ಲಿ, ಅಂದ್ರೆ ನಮ್ಮ ಹಾಗೆ ಜಾತ್ರೆಯಲ್ಲೇ, ಬಯಲಲ್ಲೇ ಆಟ. ಮಾತಾಡೋ ನಟರು ಮೂರೇ ಜನ, ಎಲ್ಲ ಗಂಡಸರು. ಮುಖವಾಡ ಬದಲಿಸಿ ಅವರೇ ರಾಜ, ಅವರೇ ರಾಣಿ, ಅವರೇ ದೂತ. ನಮ್ಮ ಹಿಮ್ಮೇಳದ ಹಾಗೆ ಹಾಡೋಕೆ ಮೊದಲು 12, ಆಮೇಲೆ 15 ಜನರ ಮೇಳ, ಅವರಿಗೂ ಮುಖವಾಡ. ಅವನ್ನು ಬಟ್ಟೆ, ಮರದಂಥ ಹಾಳಾಗೋ ವಸ್ತುಗಳಲ್ಲಿ ಮಾಡುತ್ತಿದ್ದುದರಿಂದ ಒಂದೂ ಉಳಿದಿಲ್ಲ. ಆದರೆ ನೇಪಲ್ಸ್ ಮ್ಯೂಸಿಯಮ್ಮಿನಲ್ಲಿ ಸುಮಾರು 2400 ವರ್ಷ ಹಳೆಯ ಒಂದು ಹೂಜಿ ಇದೆ. ಅದರ ಮೇಲಿನ ಚಿತ್ರದಲ್ಲಿ ನಟರು ಮುಖವಾಡವನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಇದು ಬೇರೆ, ನಾನು ಬೇರೆ ಅನ್ನೋ ಹಾಗೆ!

ಆ ಮುಖವಾಡದಿಂದ ಎಂಥಾ ಕೆಲಸ ಆಯ್ತು ಕೇಳಿ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಥೆನ್ಸನ್ನು ಸುಟ್ಟರು. ಅದೇ ವರ್ಷ ಸಲಾಮಿಸ್ ಸಮುದ್ರಯುದ್ಧದಲ್ಲಿ ಸೋತರು. ಬರೀ ಎಂಟು ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ಈಸ್ಕಿಲಸ್ ಅದೇ ಸೋಲನ್ನು ನಾಟಕ ಮಾಡಿದ. ಅಥೆನ್ಸಿನ ಗಂಡಸರು ವೈರಿಯ ಮುಖ ಧರಿಸಿ, ವೈರಿಯ ತಾಯಿಯಾಗಿ, ವೈರಿಯ ಸೋಲಿಗೆ ಅತ್ತರು. ನೋಡೋಕೆ ಕೂತವರಲ್ಲಿ ಆ ಯುದ್ಧ ಮಾಡಿದವರೇ ಇದ್ದರು. ಆ ನಾಟಕಕ್ಕೆ ಬಹುಮಾನವೂ ಬಂತು! ನಮ್ಮ ಬಿ.ಎಂ.ಶ್ರೀ. ಇದನ್ನು 'ಪಾರಸಿಕರು' ಅಂತ ಕನ್ನಡಕ್ಕೆ ತಂದರು. ಬರಿ ಮುಖದಲ್ಲಿ ಇದು ಆಗುತ್ತಿತ್ತಾ? ನನಗೆ ಅನುಮಾನ. ಆಡಿದವನನ್ನು ಮರುದಿನ ಸಂತೆಯಲ್ಲಿ "ದ್ರೋಹಿ" ಅಂತ ಕರೀತಿದ್ದರೇನೋ.

ನಾನು ಹೇಳೋದು ಇಷ್ಟೇ. ನಮಗೆ ಒಪ್ಪದವನನ್ನು, ನಮಗಿಂತ ಕೆಟ್ಟವನನ್ನು ಒಂದು ರಾತ್ರಿ ಒಳಗಿನಿಂದ ನೋಡೋಕೆ ಬಣ್ಣ, ಮುಖವಾಡ ಪರವಾನಗಿ ಕೊಡುತ್ತದೆ. ಅದು ಅಡಗಿಸೋದು ನಟನ ಮನೆಮಾತನ್ನು, ಅವನ ಮರ್ಯಾದೆಯನ್ನು. ತೋರಿಸೋದು ಪಾತ್ರವನ್ನು.

ಸಾಮಾಜಿಕ ನಾಟಕ ಬೇಡ ಅಂತಲ್ಲ. ಕುಡಿತದ ಮನೆಯ ಗೋಳನ್ನು ಕೀಚಕವಧೆ ಹೇಳೋಕಾಗಲ್ಲ, ಅದು ಗೊತ್ತು. ಆದರೆ ಬರಿ ಮುಖದಲ್ಲಿ ಆಡುವವರನ್ನು ಕಾಯೋ ಜವಾಬ್ದಾರಿ ನೋಡುವವರ ಮೇಲೆ ಬರುತ್ತದೆ. ನನ್ನ ಅಳಿಯ ಹೇಗೋ ಪಾರಾಗ್ತಾನೆ, ಗಂಡಸು. ಹೆಣ್ಣಿನ ಪಾತ್ರಕ್ಕೆ ಬೇರೆ ಊರಿಂದ ಕರೆಸ್ತೀವಲ್ಲ, ಆ ಕಲಾವಿದೆಯರ ಪಾಡೇನು? ರಾತ್ರಿ ಸ್ಟೇಜಿನ ಮೇಲೆ ಆಡಿದ ಮಾತನ್ನೇ ಹಿಡಿದು ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕೆಣಕೋರನ್ನು ನಾನೇ ನೋಡಿದ್ದೇನೆ. ಆಗ ನಾನೂ ಸುಮ್ಮನಿದ್ದೆ, ಅದೂ ನಿಜ.

ಹೊರಡೋ ದಿನ ಅಳಿಯನಿಗೆ ಹೇಳಿದೆ, "ಈ ಸಲ ದೊಡ್ಡಾಟ ಕಟ್ರೋ, ನಿಂಗ ಕೀಚಕನ ಪಾರ್ಟು."

"ಬಣ್ಣ ಹಚ್ಚೋರು ಯಾರದಾರ ಮಾಮಾ ಈಗ?" ಅಂದ.

ಕಾಕಾಗೆ ಈಗ ಕೈ ನಡುಗುತ್ತದೆ. ಆದರೂ ಕಲಿಸ್ತೀನಿ ಅಂದಿದ್ದಾರೆ. ನೋಡೋಣ...

ನಿಮ್ಮ ಊರ ಕಡೆ ಹೇಗಿದೆ? ಬಣ್ಣ ಹಚ್ಚೋರು ಇನ್ನೂ ಇದ್ದಾರಾ?