ಜೀವವಿಕಾಸ ಮತ್ತು ಆತ್ಮವಿಕಾಸ

ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯ ವಿದ್ಯಾರ್ಥಿಯು ಒಂದೇ ದಿನದಲ್ಲಿ ಎರಡು ಬಗೆಯ ಪಾಠಗಳನ್ನು ಕೇಳುತ್ತಾನೆ. ಪ್ರಾತಃಕಾಲದ ಪ್ರಾರ್ಥನೆಯಲ್ಲಿ ಜೀವನು ಶಿವಾಂಶಿಕನೆಂದೂ ನರಜನ್ಮವು ದುರ್ಲಭವೆಂದೂ ತಿಳಿಯುತ್ತಾನೆ. ಮಧ್ಯಾಹ್ನದ ಜೀವಶಾಸ್ತ್ರದ ಪಾಠದಲ್ಲಿ ಮನುಷ್ಯನೂ ವಾನರನೂ ಒಂದೇ ಪೂರ್ವಜರ ಸಂತತಿಯೆಂದು ತಿಳಿಯುತ್ತಾನೆ. ಈ ಎರಡಕ್ಕೂ ಇರುವ ಸಂಬಂಧವೇನೆಂದು ಆತನು ಕೇಳಿದಾಗ, “ಪರೀಕ್ಷೆಗೆ ಅದನ್ನು ಬರೆ, ಮನಸ್ಸಿನಲ್ಲಿ ಇದನ್ನು ಇಟ್ಟುಕೊ” ಎಂದು ಗುರುಗಳು ಮುಂದೆ ಸಾಗಿದರೆ, ಆ ಬಾಲಕನಿಗೆ ವಿಜ್ಞಾನವೂ ದಕ್ಕುವುದಿಲ್ಲ, ಧರ್ಮವೂ ದಕ್ಕುವುದಿಲ್ಲ; ದಕ್ಕುವುದು ಎರಡು ನಾಲಗೆಯ ಬಾಳು ಮಾತ್ರ. ನುಡಿಗೂ ನಡೆಗೂ ಅಂತರವಿರಬಾರದೆಂದು ಸಾರಿದ ಶರಣಪರಂಪರೆಯ ಸಂಸ್ಥೆಗೆ ಇದಕ್ಕಿಂತ ಮಿಗಿಲಾದ ಹಾನಿ ಬೇರೊಂದಿಲ್ಲ.

ಈ ಪ್ರಶ್ನೆ ಕೇವಲ ತಾತ್ತ್ವಿಕವಾದುದಲ್ಲ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ಪ್ರಕಟಿಸಿದ 10ನೆಯ ತರಗತಿಯ ವಿಜ್ಞಾನ ಪುಸ್ತಕದಿಂದ 2023ರಲ್ಲಿ ಜೀವವಿಕಾಸದ ಭಾಗವನ್ನು ಕೈಬಿಡಲಾಯಿತು. ಅನುವಂಶೀಯತೆ ಮತ್ತು ವಿಕಾಸವನ್ನು ಕುರಿತ ಅಧ್ಯಾಯವು ಬರಿಯ ಅನುವಂಶೀಯತೆಯ ಅಧ್ಯಾಯವಾಯಿತು. ಮಕ್ಕಳ ಹೊರೆಯನ್ನು ಇಳಿಸುವುದೇ ಇದರ ಉದ್ದೇಶವೆಂಬ ಸಮಾಧಾನ ಬಂದಿತು. ಅದನ್ನು ಒಪ್ಪದೆ 1,800ಕ್ಕೂ ಹೆಚ್ಚು ಮಂದಿ ವಿಜ್ಞಾನಿಗಳೂ ಅಧ್ಯಾಪಕರೂ ಬಹಿರಂಗ ಪತ್ರವೊಂದಕ್ಕೆ ಸಹಿ ಹಾಕಿದರು. ಮೇಲಿನ ತರಗತಿಯ ಜೀವಶಾಸ್ತ್ರದಲ್ಲಿ ಆ ವಿಷಯ ಉಳಿಯಿತೆಂಬುದು ನಿಜ. ಆದರೆ 10ನೆಯ ತರಗತಿಯ ಅನಂತರ ವಾಣಿಜ್ಯಕ್ಕೋ ಕಲೆಗೋ ಹೊರಳುವ ವಿದ್ಯಾರ್ಥಿಗೆ, ತಾನು ಎಲ್ಲಿಂದ ಬಂದವನೆಂಬುದನ್ನು ಕುರಿತ ವಿಜ್ಞಾನದ ಉತ್ತರವನ್ನು ಕೇಳುವ ಅವಕಾಶ ಮತ್ತೆ ಒದಗುವುದಿಲ್ಲ. ಇಂತಹ ಸಂದರ್ಭದಲ್ಲಿ ಧಾರ್ಮಿಕ ಸಂಸ್ಥೆಯೊಂದರ ಶಾಲೆ ಸುಮ್ಮನಿರುವುದು ಉಚಿತವಲ್ಲ. ಜೀವವಿಕಾಸವನ್ನು ಪೂರ್ಣವಾಗಿ, ಅಳುಕಿಲ್ಲದೆ ಬೋಧಿಸುವ ಹೊಣೆ ಅದರ ಮೇಲೆ ಇತರರಿಗಿಂತ ಹೆಚ್ಚಾಗಿಯೇ ಇದೆ.

ಮೊದಲು ಶಬ್ದವಿಚಾರ. ‘ವಿಕಾಸ’ವೆಂದರೆ ಅರಳುವಿಕೆ. ಮೊಗ್ಗಿನಲ್ಲಿ ಅಡಗಿದ್ದ ಕಮಲವೇ ಅರಳಿ ಹೊರಬರುತ್ತದೆ. ಹೂವು ಏನಾಗಬೇಕೆಂಬುದು ಮೊಗ್ಗಿನಲ್ಲಿಯೇ ನಿಶ್ಚಿತವಾಗಿದೆ. ಇಂಗ್ಲಿಷಿನ ‘ಎವಲ್ಯೂಷನ್’ ಎಂಬ ಶಬ್ದಕ್ಕೂ ಸುರುಳಿ ಬಿಚ್ಚುವುದೆಂಬ ಅರ್ಥವೇ ಮೂಲ. ಆದಕಾರಣವೋ ಏನೋ, ಚಾರ್ಲ್ಸ್ ಡಾರ್ವಿನ್ನನು 1859ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದ ಮೊದಲ ಆವೃತ್ತಿಯಲ್ಲಿ ಆ ನಾಮಪದವನ್ನು ಬಳಸಲೇ ಇಲ್ಲ. ಮಾರ್ಪಾಡಿನೊಡನೆ ಸಾಗಿಬರುವ ವಂಶಪರಂಪರೆ ಎಂಬರ್ಥದ ಮಾತನ್ನು ಬಳಸಿದನು. ಇನ್ನು ‘ವಾದ’. ವಿಕಾಸವಾದವು ಬರಿಯ ವಾದ ತಾನೇ ಎಂದು ತಳ್ಳಿಹಾಕುವವರಿದ್ದಾರೆ. ನ್ಯಾಯಶಾಸ್ತ್ರವು ವಾದ, ಜಲ್ಪ, ವಿತಂಡ ಎಂದು ಮೂರನ್ನು ಬೇರ್ಪಡಿಸುತ್ತದೆ. ಗೆಲ್ಲಬೇಕೆಂಬ ಮಾತು ಜಲ್ಪ. ಕೆಡವಬೇಕೆಂಬ ಮಾತು ವಿತಂಡ. ಪ್ರಮಾಣಪೂರ್ವಕವಾಗಿ ತತ್ತ್ವವನ್ನು ಅರಸುವುದೇ ವಾದ. ಈ ಅರ್ಥದಲ್ಲಿ ವಿಕಾಸವಾದಕ್ಕೆ ಆ ಹೆಸರು ಗೌರವದ ಹೆಸರೇ ಹೊರತು ಕೊರತೆಯ ಹೆಸರಲ್ಲ.

ಕೋಟ್ಯಂತರ ವರ್ಷಗಳ ಹಿಂದೆ ನಡೆದುದನ್ನು ಕಂಡವರಾರು ಎಂಬುದು ಮತ್ತೊಂದು ಆಕ್ಷೇಪ. ಇದಕ್ಕೂ ತರ್ಕಶಾಸ್ತ್ರದಲ್ಲಿಯೇ ಉತ್ತರವಿದೆ. ಒಂದು ಹನಿಯೂ ಬೀಳದ ಬಯಲುಸೀಮೆಯ ರೈತನು ಕೃಷ್ಣೆಯು ಕೆಂಪಾಗಿ, ಮೈದುಂಬಿ, ಕಸಕಡ್ಡಿ ಹೊತ್ತು ಬರುವುದನ್ನು ನೋಡಿ ಮೇಲೆ ಸಹ್ಯಾದ್ರಿಯಲ್ಲಿ ಮಳೆಯಾಗಿದೆ ಎನ್ನುತ್ತಾನೆ. ಆ ಮಳೆಯನ್ನು ಆತನು ಕಂಡವನಲ್ಲ. ಆದರೂ ಆತನ ಮಾತು ಊಹಾಪೋಹವಲ್ಲ. ಕಾರ್ಯದಿಂದ ಕಾರಣವನ್ನು ಅರಿಯುವ ಈ ಬಗೆಗೆ ನೈಯಾಯಿಕರು ಶೇಷವತ್ ಅನುಮಾನವೆಂದು ಹೆಸರಿಟ್ಟರು. ಶಿಲಾಸ್ತರಗಳಲ್ಲಿ ದೊರೆಯುವ ಪಳೆಯುಳಿಕೆಗಳಿಂದ ಗತಕಾಲದ ಜೀವಿಗಳನ್ನು ಅರಿಯುವುದೂ ಇದೇ ಬಗೆಯ ಪ್ರಮಾಣ.

ಇದಕ್ಕೆ ಸಾಕ್ಷ್ಯವನ್ನು ಅರಸಿ ದೂರ ಹೋಗಬೇಕಾಗಿಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ ಸುತ್ತಿನ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ದಶಕಗಳ ಕಾಲ ಶೋಧನೆ ನಡೆಸಿ ಹಳೆಯ ಶಿಲಾಯುಗದ ಅನೇಕ ನೆಲೆಗಳನ್ನು ಬೆಳಕಿಗೆ ತಂದರು. ಅವುಗಳಲ್ಲಿ ಒಂದಾದ ಇಸಾಂಪುರದಲ್ಲಿ ಸುಣ್ಣಕಲ್ಲಿನ ಬಂಡೆಗಳಿಂದ ಕೈಗೊಡಲಿಗಳನ್ನು ಕೆತ್ತುತ್ತಿದ್ದ ಸ್ಥಳವೇ ದೊರೆತಿದೆ. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಳೆಯಲಾಗಿದೆ. ಇಂದಿನ ಮಾನವಜಾತಿಯ ಅತಿ ಹಳೆಯ ಅವಶೇಷಗಳೋ, ಮೊರಾಕ್ಕೊ ದೇಶದ ಜೆಬೆಲ್ ಇರ್‌ಹೂದಿನಲ್ಲಿ ದೊರೆತು 2017ರಲ್ಲಿ ವರದಿಯಾದವು, ಸುಮಾರು 3 ಲಕ್ಷ ವರ್ಷಗಳವು. ಅಂದಮೇಲೆ ಕನ್ನಡ ನಾಡಿನ ಈ ಕಲ್ಲುಗಳನ್ನು ಕೆತ್ತಿದ ಕೈಗಳು ಇಂದಿನ ಮಾನವನಿಗಿಂತ ಹಿಂದಿನವು. ಇಂಥ ನೆಲದ ಮೇಲೆ ನಿಂತು ಮಕ್ಕಳಿಗೆ ಜೀವವಿಕಾಸವನ್ನು ಹೇಳದಿರುವುದು ಹೆತ್ತವರ ಹೆಸರನ್ನು ಮರೆಮಾಚಿದಂತೆ.

ಆ ವಿಕಾಸವು ನಡೆಯುವ ಬಗೆಯನ್ನು ರೈತನ ಮಗನಿಗೆ ಹತ್ತಿಯ ಹೊಲದಲ್ಲಿಯೇ ತೋರಿಸಬಹುದು. ಕಾಯಿಕೊರಕ ಹುಳುಗಳನ್ನು ಕೊಲ್ಲುವ ವಿಷವನ್ನು ತನ್ನೊಳಗೇ ಹೊಂದಿದ ಬಿ.ಟಿ. ಹತ್ತಿಗೆ 2002ರಲ್ಲಿ ಭಾರತದಲ್ಲಿ ಒಪ್ಪಿಗೆ ದೊರೆಯಿತು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಆ ವಿಷವನ್ನು ತಡೆದುಕೊಳ್ಳುತ್ತಿದೆ ಎಂದು ತಿಳಿದುಬಂದಿತು; ಮುಂದೆ ರಾಯಚೂರು ಸೀಮೆಯ ಬೆಳೆಗಾರರನ್ನೂ ಅದು ಕಾಡಿತು. ಹುಳುವು ಹಟತೊಟ್ಟು ವಿಷವನ್ನು ಜೀರ್ಣಿಸಿಕೊಳ್ಳಲು ಕಲಿಯಿತೆಂದಲ್ಲ. ಅಸಂಖ್ಯಾತ ಹುಳುಗಳಲ್ಲಿ ಹುಟ್ಟಿನಿಂದಲೇ ಅಲ್ಪ ವ್ಯತ್ಯಾಸವನ್ನು ಪಡೆದಿದ್ದ ಕೆಲವು ಬದುಕಿದವು, ಉಳಿದವು ಸತ್ತವು. ಬದುಕಿದವುಗಳ ಸಂತತಿಯೇ ಹೊಲವನ್ನು ತುಂಬಿತು. ನಿಸರ್ಗದ ಆಯ್ಕೆಯೆಂದರೆ ಇದೇ. ಅಲ್ಲಿ ಸಂಕಲ್ಪವಿಲ್ಲ, ಸಾಧನೆಯಿಲ್ಲ, ಮುಂದಿನ ಗುರಿಯೂ ಇಲ್ಲ.

ವಿಜ್ಞಾನವನ್ನೂ ಅಧ್ಯಾತ್ಮವನ್ನೂ ಕೂಡಿಸಹೊರಟವರು ಎರಡು ತಪ್ಪುದಾರಿಗಳನ್ನು ಹಿಡಿಯುವುದುಂಟು. ಡಾರ್ವಿನ್ನನು ಹೇಳಿದುದೆಲ್ಲ ಪುರಾಣಗಳಲ್ಲಿ ಮೊದಲೇ ಇತ್ತು, ಮತ್ಸ್ಯ ಕೂರ್ಮ ವರಾಹಗಳ ಕ್ರಮವೇ ಜೀವವಿಕಾಸದ ಕ್ರಮ ಎನ್ನುವುದು ಮೊದಲನೆಯದು. ಕೇಳಲು ಇದು ಸೊಗಸಾಗಿದೆ. ಆದರೆ ಅಲಂಕಾರಶಾಸ್ತ್ರ ಬಲ್ಲವರಿಗೆ ಇದು ಉತ್ಪ್ರೇಕ್ಷೆ. ಉತ್ಪ್ರೇಕ್ಷೆಯು ಕಾವ್ಯಕ್ಕೆ ಭೂಷಣವೇ ಹೊರತು ಪ್ರಮಾಣವಾಗಲಾರದು. ಇದರಿಂದ ಶಾಸ್ತ್ರಕ್ಕೂ ಕೇಡು. ಮಾನವನ ವಯಸ್ಸು 2 ಲಕ್ಷ ವರ್ಷಗಳ ಆಸುಪಾಸಿನದೆಂದು ಮೊದಲು ಎಣಿಸಿದ್ದ ವಿಜ್ಞಾನವು ಹೊಸ ಸಾಕ್ಷ್ಯ ದೊರೆತಾಗ ಅದನ್ನು 3 ಲಕ್ಷಕ್ಕೆ ತಿದ್ದಿಕೊಂಡಿತು. ತಿದ್ದಿಕೊಳ್ಳುವುದು ಅದರ ಸತ್ತ್ವ. ಹೀಗೆ ತಿದ್ದುಪಡಿಗೆ ಒಳಗಾಗುವ ಮಾತಿಗೆ ಧರ್ಮಗ್ರಂಥವನ್ನು ಗಂಟುಹಾಕಿದರೆ, ಪ್ರತಿ ತಿದ್ದುಪಡಿಗೂ ಧರ್ಮಗ್ರಂಥವು ಅಲುಗಾಡಬೇಕಾಗುತ್ತದೆ. ಶ್ರೀ ಅರವಿಂದರಂತಹವರು ಪ್ರಜ್ಞೆಯ ವಿಕಾಸವನ್ನು ಕುರಿತು ಬರೆದುದು ಗಂಭೀರವಾದ ದರ್ಶನ. ಅದನ್ನು ದರ್ಶನವೆಂದೇ ಓದಬೇಕು, ಜೀವಶಾಸ್ತ್ರದ ಪಾಠವೆಂದಲ್ಲ.

ಪ್ರಕೃತಿಯ ನಿಯಮವನ್ನು ಮನುಷ್ಯರ ನೀತಿಯೆಂದು ಭ್ರಮಿಸುವುದು ಎರಡನೆಯದು. ‘ಬಲಿಷ್ಠನ ಉಳಿವು’ ಎಂದು ಕನ್ನಡದಲ್ಲಿ ರೂಢಿಗೆ ಬಂದ ಮಾತಿನ ಮೂಲವು ಡಾರ್ವಿನ್ನನದಲ್ಲ. 1864ರಲ್ಲಿ ಹರ್ಬರ್ಟ್ ಸ್ಪೆನ್ಸರನು ಬಳಸಿದುದನ್ನು ಡಾರ್ವಿನ್ನನು ಆಮೇಲೆ ಎತ್ತಿಕೊಂಡನು. ಮೂಲದಲ್ಲಿರುವುದು ಬಲವಲ್ಲ, ಪರಿಸರಕ್ಕೆ ಹೊಂದಿಕೊಳ್ಳುವ ಯೋಗ್ಯತೆ. ಅನುವಾದದ ಈ ದೋಷದಿಂದ ಉಳ್ಳವನು ಇಲ್ಲದವನನ್ನು ತುಳಿಯುವುದಕ್ಕೆ ವಿಜ್ಞಾನದ ಸಮ್ಮತಿ ಇದೆಯೆಂಬ ಅನರ್ಥವು ಹಬ್ಬಿತು. ಕನ್ನಡ ಉಪಾಧ್ಯಾಯರು ಈ ಒಂದು ಶಬ್ದವನ್ನು ತಿದ್ದಿದರೂ ಅದೊಂದು ದೊಡ್ಡ ಸೇವೆಯೇ ಸರಿ.

ಹಾಗಾದರೆ ನಿಜವಾದ ಸಮನ್ವಯವೆಲ್ಲಿ? ಜೀವವಿಕಾಸದಲ್ಲಿ ಸಂಕಲ್ಪಕ್ಕೆ ಎಡೆಯಿಲ್ಲ. ಆತ್ಮವಿಕಾಸದಲ್ಲಿ ಸಂಕಲ್ಪವೇ ಸರ್ವಸ್ವ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ಯಾರೂ ಹುಟ್ಟಿನಿಂದ ಪಡೆಯಲಾರರು, ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಲಾರರು. ಪ್ರತಿಯೊಬ್ಬನೂ ತನ್ನ ನಿಷ್ಠೆಯಿಂದ, ಕಾಯಕದಿಂದ, ಅನುಭಾವದಿಂದ ಅವನ್ನು ಏರಬೇಕು. ಒಳಗಿರುವುದು ಅರಳುವುದೆಂಬ ಅರ್ಥದಲ್ಲಿ ‘ವಿಕಾಸ’ವೆಂಬ ಶಬ್ದವು ಪೂರ್ಣವಾಗಿ ಸಲ್ಲುವುದು ಇಲ್ಲಿಯೇ. ದೇಹವು ಹೇಗೆ ಬಂದಿತೆಂಬುದನ್ನು ವಿಜ್ಞಾನವು ಹೇಳುತ್ತದೆ. ಬಂದ ದೇಹದಿಂದ ಏನು ಮಾಡಬೇಕೆಂಬುದನ್ನು ಅಧ್ಯಾತ್ಮವು ಕೇಳುತ್ತದೆ. ಒಂದರ ಪ್ರಶ್ನೆಗೆ ಮತ್ತೊಂದು ಉತ್ತರ ಹೇಳಹೊರಟಾಗ ಕಲಹ. ತನ್ನ ತನ್ನ ಪ್ರಶ್ನೆಗೆ ತಾನು ತಾನು ಉತ್ತರಿಸಿದಾಗ ಸಮನ್ವಯ.

ಇವೆರಡೂ ಬಂದು ಸೇರುವ ಸಂಗಮವೂ ಒಂದಿದೆ. ಸಕಲ ಜೀವಿಗಳೂ ಒಂದೇ ಮೂಲದವೆಂದು ಜೀವಶಾಸ್ತ್ರವು ಸಿದ್ಧಪಡಿಸಿದೆ. ಯಾವುದೇ ಇಬ್ಬರು ಮನುಷ್ಯರ ವಂಶವಾಹಿ ಲಿಪಿಯು ಶೇಕಡ 99.9ರಷ್ಟು ಒಂದೇ ಎಂದು ಅದು ಎಣಿಸಿ ತೋರಿಸಿದೆ. ಹುಟ್ಟಿನ ಆಧಾರದ ಮೇಲೆ ಮೇಲುಕೀಳೆಂಬುದು ಸಲ್ಲದೆಂದು 12ನೆಯ ಶತಮಾನದ ಶರಣರು ಸಾರಿದುದು ಪ್ರಯೋಗಾಲಯದ ಬಲದಿಂದಲ್ಲ, ಅಂತಃಕರಣದ ಬಲದಿಂದ. ದಾರಿಗಳು ಬೇರೆ, ಪ್ರಮಾಣಗಳು ಬೇರೆ. ಆದರೆ ಜಾತಿಯ ಅಹಂಕಾರಕ್ಕೆ ಇವೆರಡರಲ್ಲಿಯೂ ಆಶ್ರಯವಿಲ್ಲ. ಡಾರ್ವಿನ್ನನು 1871ರ ತನ್ನ ಗ್ರಂಥದಲ್ಲಿ, ಮನುಷ್ಯರ ಮೇರೆಯನ್ನು ದಾಟಿ ಮೂಕಪ್ರಾಣಿಗಳವರೆಗೂ ಹಬ್ಬುವ ಅನುಕಂಪೆಯನ್ನು ಮಾನವನ ನೈತಿಕ ಗಳಿಕೆಗಳಲ್ಲಿ ಕಡೆಗೆ ಬಂದುದೆಂದು ಎಣಿಸಿದ್ದಾನೆ. ದಯೆಗೆ ಅಗ್ರಸ್ಥಾನವಿತ್ತ ಶರಣಧರ್ಮದ ಪಾಠವನ್ನು ಹೇಳುವ ಗುರುಗಳಿಗೆ ಈ ಮಾತು ಅನ್ಯವೆನಿಸಲಾರದು.

ಆದುದರಿಂದ ವಿಜ್ಞಾನದ ಉಪಾಧ್ಯಾಯರು ಪುಸ್ತಕದಲ್ಲಿ ಇರಲಿ ಬಿಡಲಿ ಜೀವವಿಕಾಸವನ್ನು ಸಂಕೋಚವಿಲ್ಲದೆ ಕಲಿಸಬೇಕು. ಧರ್ಮಬೋಧಕರು ಅದನ್ನು ಅಲ್ಲಗಳೆಯಲೂ ಬಾರದು, ತಮ್ಮದೆಂದು ಕಸಿದುಕೊಳ್ಳಲೂ ಬಾರದು. ವರ್ಷಕ್ಕೊಮ್ಮೆಯಾದರೂ ಇಬ್ಬರೂ ಒಂದೇ ತರಗತಿಯಲ್ಲಿ ಕುಳಿತು ಮಕ್ಕಳ ಪ್ರಶ್ನೆಗಳನ್ನು ಎದುರಿಸಬೇಕು. ಪ್ರಶ್ನೆಗೆ ಅಂಜದ ಅನುಭವಮಂಟಪದ ಪರಂಪರೆಗೆ ಇದು ಹೊಸತೇನೂ ಅಲ್ಲ. ದಾಸೋಹಕ್ಕೂ ಕಟ್ಟಡಕ್ಕೂ ಧಾರಾಳವಾಗಿ ಕೊಡುವ ದಾನಿಗಳು ಒಂದು ಸೂಕ್ಷ್ಮದರ್ಶಕಕ್ಕೆ, ಹುಣಸಗಿಯವರೆಗಿನ ಒಂದು ಶೈಕ್ಷಣಿಕ ಪ್ರವಾಸಕ್ಕೆ ಕೊಟ್ಟರೆ ಅದೂ ಜ್ಞಾನದಾಸೋಹವೇ. ಆಗ ಮೇಲೆ ಹೇಳಿದ ಬಾಲಕನಿಗೆ ಎರಡು ನಾಲಗೆ ಬೇಕಾಗುವುದಿಲ್ಲ. ಕಂಡ ಸತ್ಯವನ್ನು ಕಂಡಂತೆ ನುಡಿಯುವ ಒಂದೇ ನಾಲಗೆ ಸಾಕಾಗುತ್ತದೆ.